ವೃಕೋದರನ ಏಕಾದಶಿ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಗುರುಗಳಿದ್ದರು, ಶ್ರೀಪತಿ ಎಂಬ ಶಿಷ್ಯನಿದ್ದ, ಒಂದು ಬೆಕ್ಕಿತ್ತು. ಮೂವರಲ್ಲಿ ಮೈ ತುಂಬಿಕೊಂಡಿದ್ದದ್ದು ಬೆಕ್ಕೊಂದೇ. ಅದರ ಹೊಟ್ಟೆ ನೋಡಿ ಗುರುಗಳು ಭೀಮಸೇನನ ಹೆಸರಿಟ್ಟು ವೃಕೋದರ ಎಂದು ಕರೆಯುತ್ತಿದ್ದರು.

ಅದನ್ನು ಆ ಗಾತ್ರಕ್ಕೆ ತಂದವನು ಶ್ರೀಪತಿ. ತಾಯಿಯಿಲ್ಲದ ಮರಿಯನ್ನು ಹಾಲಲ್ಲಿ ಬತ್ತಿ ಅದ್ದಿ ಚೀಪಿಸಿ ಬದುಕಿಸಿದವನೂ ಅವನೇ. ಆಮೇಲೆ ಹಾಲನ್ನ, ಪಾಯಸ, ಹೂರಣ, ದೇವರ ಮುಂದೆ ಇಟ್ಟದ್ದೆಲ್ಲ ಬೆಕ್ಕಿನ ಮುಂದೂ ಬಂತು.

ಒಂದು ವರ್ಷ ವೃಕೋದರ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ಹೊಟ್ಟೆ ಇಳಿಯಿತು, ಹಿಂಗಾಲು ಎಳೆಯತೊಡಗಿತು. ಪೇಟೆಯಿಂದ ದನದ ಡಾಕ್ಟರು ಬಂದು, ಕಿವಿಗೆ ಚುಚ್ಚಿ ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದರು. ದಿನಕ್ಕೆ ಎರಡು ಸೂಜಿ ಹಾಕುವುದನ್ನು ಶ್ರೀಪತಿಗೆ ಕಲಿಸಿಕೊಟ್ಟರು.

"ಸೂಜಿ ಅರ್ಧ ಕೆಲಸ ಮಾಡುತ್ತೆ ಸ್ವಾಮಿ, ಇನ್ನರ್ಧ ತಟ್ಟೆ ಮಾಡಬೇಕು. ಅನ್ನ, ಸಿಹಿ ಬಿಡಿಸಿ. ಮೀನೋ ಮೊಟ್ಟೆಯೋ ಕೊಡಿ. ಇಲ್ಲಾಂದ್ರೆ ಇದು ಉಳಿಯೋದು ಕಷ್ಟ."

ಶ್ರೀಪತಿಯ ಕಣ್ಣು ತುಂಬಿತು. ಆದರೂ ಮೀನು, ಮೊಟ್ಟೆ ಎಂಬ ಮಾತನ್ನು ಅವನ ಕಿವಿ ಹೊರಗೇ ನಿಲ್ಲಿಸಿತು. ಒಳಗೆ ಬಂದದ್ದು ಅನ್ನ ಬಿಡಿಸಿ ಎಂಬುದಷ್ಟೇ. ಅನ್ನ ಬಿಡುವುದರಲ್ಲಿ ಅವನನ್ನು ಮೀರಿಸುವವರು ಆ ಹೊಳೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಏಕಾದಶಿ ತಪ್ಪಿಸಿದವನಲ್ಲ.

ಮರುದಿನದಿಂದ ವೃಕೋದರನಿಗೆ ನಿತ್ಯ ಏಕಾದಶಿ. ಬೆಳಗ್ಗೆ ಹಾಲಲ್ಲಿ ನೆನೆಸಿದ ಅವಲಕ್ಕಿ, ಸಂಜೆ ಸಬ್ಬಕ್ಕಿ ಗಂಜಿ. ಅನ್ನದ ಅಗುಳು ಸೋಕದಿರಲಿ ಎಂದು ತಟ್ಟೆಯನ್ನೇ ಬೇರೆ ಇಟ್ಟ.

ಹತ್ತು ದಿನ ಕಳೆದು ಡಾಕ್ಟರು ಬಂದರು. ಸಕ್ಕರೆ ಇನ್ನೂ ಏರಿತ್ತು. ಬೆಕ್ಕಿಗೆ ಎದ್ದು ನಿಲ್ಲಲು ತ್ರಾಣವಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಶ್ರೀಪತಿಗೆ ವ್ರತ, ಬೆಕ್ಕಿಗೆ ಪ್ರಾಣಸಂಕಟ.

ಅವನು ಗುರುಗಳ ಕಾಲಿಗೆ ಬಿದ್ದ. ಒಂದು ಅಗುಳು ಅನ್ನವನ್ನೂ ಕೊಟ್ಟಿಲ್ಲ ಎಂದು ಆಣೆ ಮಾಡಿದ.

"ಅವಲಕ್ಕಿ ಯಾತರಿಂದ ಮಾಡ್ತಾರಪ್ಪ?"

"ಭತ್ತದಿಂದ, ಗುರುಗಳೇ."

"ಅನ್ನ?"

ಶ್ರೀಪತಿ ತಡವರಿಸುತ್ತ ಒಪ್ಪಿಕೊಂಡ, ಮೀನಿನ ಮಾತು ಕೇಳಿಸಿತ್ತು ಎಂದು. ಆದರೆ ವೃಕೋದರ ತನಗೆ ಮಗುವಿದ್ದ ಹಾಗೆ, ಸಾತ್ವಿಕ ಆಹಾರದಲ್ಲೇ ಅವನನ್ನು ಉಳಿಸಿಕೊಳ್ಳುವ ಆಸೆ ಎಂದ.

ಒಳ್ಳೆಯ ಆಸೆ ಎಂದರು ಗುರುಗಳು. ಅಂದು ಮಧ್ಯಾಹ್ನ ತಾವೇ ಬಡಿಸುವುದಾಗಿ ಹೇಳಿದರು.

ಊಟದ ಹೊತ್ತಿಗೆ ಕೊಟ್ಟಿಗೆಯಿಂದ ಬುಟ್ಟಿ ಹೊತ್ತು ಬಂದರು. ಶ್ರೀಪತಿಯ ಎಲೆಯ ತುಂಬ ಹಸಿ ಹುಲ್ಲು ಸುರಿದು, ಮೇಲೊಂದು ಮಿಳ್ಳೆ ತುಪ್ಪ ಹಾಕಿದರು.

"ಗುರುಗಳೇ, ಇದು ಹುಲ್ಲು."

"ನಮ್ಮ ಹಸು ತಿನ್ನೋದು ಇದನ್ನೇ. ಅದಕ್ಕಿಂತ ಸಾತ್ವಿಕರು ಈ ಆಶ್ರಮದಲ್ಲಿ ಯಾರಿದಾರೆ? ನೀನೂ ನನಗೆ ಮಗುವಿದ್ದ ಹಾಗೆ. ತಿನ್ನು."

ಗುರುಗಳ ಮಾತು ಮೀರುವ ಹಾಗಿಲ್ಲ. ಒಂದು ಎಳೆ ಬಾಯಿಗಿಟ್ಟು ಅಗಿದ. ಅದು ನುಂಗಲೂ ಬಾರದು, ಉಗುಳಲೂ ಬಾರದು. ಗುರುಗಳು ಎದುರಿಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

ಮೂಲೆಯಲ್ಲಿ ವೃಕೋದರ ಮಲಗಿದ್ದ. ಅವನ ಮುಂದೆ ಅವಲಕ್ಕಿಯ ತಟ್ಟೆಗೆ ನೊಣ ಮುತ್ತಿಕೊಂಡಿತ್ತು. ಶ್ರೀಪತಿ ಆ ತಟ್ಟೆ ನೋಡಿದ, ತನ್ನ ಎಲೆ ನೋಡಿದ. ಎದ್ದು ಹೊಳೆಯ ಕಡೆ ನಡೆದ.

ಬೆಸ್ತರ ಹೊನ್ನಮ್ಮ ದಡದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹನ್ನೆರಡು ವರ್ಷ ಮೂಗು ಮುಚ್ಚಿಕೊಂಡು ತನ್ನೆದುರು ಹಾದುಹೋದವನು ಇಂದು ಬಂದು ನಿಂತದ್ದು ಕಂಡು ಅವಳಿಗೆ ದಿಗಿಲಾಯಿತು.

"ದಾರಿ ತಪ್ಪಿ ಬಂದ್ರಾ ಸ್ವಾಮಿ?"

ಅವನು ತಲೆ ತಗ್ಗಿಸಿ, ಬೆಕ್ಕಿಗೆ ಮೀನು ಬೇಕಿತ್ತು ಎಂದ. ಅವಳು ಮತ್ತೇನೂ ಕೇಳದೆ ಎರಡು ಮೀನನ್ನು ಮುಳ್ಳು ತೆಗೆದು ಎಲೆಯಲ್ಲಿ ಕಟ್ಟಿಕೊಟ್ಟಳು.

ಕೊಟ್ಟಿಗೆಯ ಹಿಂದೆ ಮುಖ ತಿರುಗಿಸಿಕೊಂಡು, ಬಾಯಲ್ಲಿ ಜಪ ಮಾಡುತ್ತ ಬೇಯಿಸಿ, ಆರಿಸಿ ತಂದಿಟ್ಟ. ವೃಕೋದರ ಮೂಸಿದ. ಇಷ್ಟು ವರ್ಷ ಇದನ್ನೆಲ್ಲಿ ಬಚ್ಚಿಟ್ಟಿದ್ದೆ ಎನ್ನುವ ಹಾಗೆ ಶ್ರೀಪತಿಯ ಮುಖ ನೋಡಿದ. ಆಮೇಲೆ ತಟ್ಟೆ ಮಿರುಗುವವರೆಗೂ ತಲೆ ಎತ್ತಲಿಲ್ಲ. ತಿಂದು, ಎಷ್ಟೋ ದಿನದ ಮೇಲೆ ಪಂಜ ನೆಕ್ಕಿ ಮುಖ ತೊಳೆದುಕೊಂಡ.

ಶ್ರೀಪತಿ ಸಂತೋಷಕ್ಕೆ ಅತ್ತುಬಿಟ್ಟ. ಕಣ್ಣೊರೆಸಲು ಹೋದಾಗ ಕೈಯ ಮೀನಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯ ಹೊಸ್ತಿಲು ದಾಟದೆ ಹೊರಗೇ ನಿಂತ.

"ಗುರುಗಳೇ, ಈ ಕೈ ಮೀನು ಮುಟ್ಟಿತು. ನನ್ನ ಹನ್ನೆರಡು ವರ್ಷದ ವ್ರತ ಏನಾಯ್ತು?"

ಗುರುಗಳು ಒಳಗಿನಿಂದಲೇ ಹೇಳಿದರು:

"ಕೈ ತೊಳ್ಕೊಂಡು ಬಾರಪ್ಪ. ಈಗ ನಿನ್ನೆಲೆಗೆ ಅನ್ನ ಬಡಿಸಿದೀನಿ."