ಯಾರ ಕೈಯೂ ಬೀಳದ ಮಾಲು

ಗದಗಿನ ಗುರುಪಾದಪ್ಪ ಅಗ್ಗದ ಮಾಲು ಹುಡುಕಿ ಆನ್‌ಲೈನಿನಲ್ಲಿ ದುಪ್ಪಟ್ಟು ದರಕ್ಕೆ ಮಾರುತ್ತಿದ್ದರು. ಬರುಬರುತ್ತ ಅಗ್ಗವೂ ಅವರಿಗೆ ತುಟ್ಟಿ ಎನಿಸತೊಡಗಿತು. ಅಮಾವಾಸ್ಯೆಯ ಸಂಜೆ, ಪಾರ್ಸಲ್ ಕಟ್ಟುವ ಸಾವಂತ್ರವ್ವನನ್ನು ಕರೆದರು.

"ಪುಕ್ಕಟೆ ಸಿಗಬೇಕು, ಹೊಸಾದಿರಬೇಕು, ಅದರ ಮ್ಯಾಲೆ ಬ್ಯಾರೆ ಯಾರ ಕೈಯೂ ಬಿದ್ದಿರಬಾರದು. ಅಂಥಾ ಮಾಲು ನಾಳೆ ಮುಂಜಾನೆ ತಂದ್ರ ಕೆಲಸ ಐತಿ, ಇಲ್ಲಂದ್ರ ಇಲ್ಲ."

"ಆತ್ರೀ ಸಾವ್ಕಾರ್ರ" ಎಂದಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಮುಂಜಾನೆ ಅವಳು ಗೋಣಿಚೀಲವನ್ನು ಮೇಜಿನ ಮೇಲೆ ಸುರಿದಳು. ಹೊಸ ಮೊರ, ಕುಪ್ಪಸದ ಕಣ, ಹಸಿರು ಗಾಜಿನ ಬಳೆಗಳು. ಗುರುಪಾದಪ್ಪ ಮೊರವನ್ನು ಮೂಸಿದರು, ಕಣವನ್ನು ಕೆನ್ನೆಗೆ ಒತ್ತಿಕೊಂಡರು. ಫೋಟೊಗೆಂದು ಒಂದು ಬಳೆಯನ್ನು ತಮ್ಮ ಕೈಗೇ ಏರಿಸಿದರು.

"ಎಲ್ಲಿ ಸಿಕ್ಕಿತವ್ವಾ ಇದೆಲ್ಲಾ?"

"ಕೆರಿ ದಂಡಿಗೆ, ಮೂರು ದಾರಿ ಕೂಡೋ ಜಾಗದಾಗ. ದೆವ್ವ ಬಿಡಿಸಿದವರು ನಿನ್ನೆ ನಿವಾಳಿಸಿ ಇಟ್ಟು ಹೋಗ್ಯಾರ. ಊರಾಗ ಯಾರೂ ಅದನ್ನ ಮುಟ್ಟಂಗಿಲ್ಲ. ನಾನೂ ಮುಟ್ಟಿಲ್ರೀ, ಕೋಲಿಲೆ ಚೀಲಕ್ಕ ತಳ್ಳೀನಿ. ಮೊದಲನೇ ಕೈ ನಿಮ್ದ."

ಗುರುಪಾದಪ್ಪ ಬಳೆ ಎಳೆದರು. ಹಾಕಿಕೊಳ್ಳುವಾಗ ಸಡಿಲವಾಗಿದ್ದ ಬಳೆ ಈಗ ಬರಲಿಲ್ಲ. ಸಾಬೂನು ಹಚ್ಚಿದರೂ ಬರಲಿಲ್ಲ.

"ಒಡೀಲೇನ್ರೀ?"

"ಬ್ಯಾಡ! ಅಕಿ ಸಿಟ್ಟಾದ್ರ?" ಎಂದರು. ಅಕಿ ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬೀಗ ಹಾಕಿದ್ದ ಗೋದಾಮಿನ ಒಳಗೆ ಬಳೆಗಳ ಸದ್ದಾಯಿತು. ಸಾವಂತ್ರವ್ವ ಚಪ್ಪಲಿ ಮೆಟ್ಟಿದಳು.

"ಹಂಗಾರ ನನ್ನ ಕೆಲಸ ಐತೋ ಇಲ್ಲೋ ಹೇಳ್ರೀ, ಮನಿಗೆ ಹೋಗತೀನಿ."

"ಐತಿ ತಾಯಿ, ಜಲ್ಮ ಇರೋತನಾ ಐತಿ" ಎಂದು ಗುರುಪಾದಪ್ಪ ಬಾಗಿಲಿಗೆ ಅಡ್ಡ ನಿಂತರು. "ಮನಿಗೆ ಮಾತ್ರ ಹೋಗಬ್ಯಾಡ."