ಒಂದು ಗುಂಡಿ ಕಮ್ಮಿ

ಹ್ಞೂಂ ಅನ್ನೋರಿದ್ರೆ ಹೇಳ್ತೀನಿ, ನಗೋರಿದ್ರೆ ಇನ್ನೂ ಚೆನ್ನಾಗಿ ಹೇಳ್ತೀನಿ. ಒಂದೂರಲ್ಲಿ ಮಡಿವಾಳರ ಗಿರಿಯಮ್ಮ. ಅವಳಿಗೊಬ್ಬನೇ ಮಗ, ಚಿಕ್ಕರಂಗ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ತಲೆನೋವು! "ದೇವ್ರೇ, ಇವನಿಗೆ ಯಾವ ಮಾತಲ್ಲಿ ಹೇಳ್ಲಪ್ಪಾ?" ಅಂತ ದಿನಾ ಹಣೆ ಚಚ್ಚಿಕೊಳ್ಳೋಳು.

ಮನೇಲೊಂದು ಹೇಸರಗತ್ತೆ, ಹೆಸರು ಬೆಳ್ಳಿ. ತಾಯಿ ಕುದುರೆ, ತಂದೆ ಕತ್ತೆ. ಹತ್ತು ವರ್ಷದಿಂದ ಬಟ್ಟೆಗಂಟು ಹೊತ್ತದ್ದು ಅದೇ, ಗಿರಿಯಮ್ಮ ಕಷ್ಟ ಬಂದಾಗ ಅತ್ತದ್ದೂ ಅದರ ಕುತ್ತಿಗೆ ತಬ್ಬಿಕೊಂಡೇ. ಆದ್ರೆ ಒಂದೇ ಒಂದು ಮರಿ ಹಾಕಲಿಲ್ಲ. ಅವಳಣ್ಣ ನಿಂಗಯ್ಯ ಬಂದು ಅಂದ, "ಒಳಗೇನೋ ರೋಗ ಐತೆ ಕಣೇ. ಸೋಮವಾರ ಸಂತೇಲಿ ಮಾರಿಬಿಡ್ತೀನಿ." ಮಾರನೇ ದಿನ ಗಿರಿಯಮ್ಮ ಬಟ್ಟೆಗಂಟನ್ನ ತಾನೇ ತಲೆ ಮೇಲೆ ಹೊತ್ತಳು.

"ರಂಗಾ, ನಾನು ಹೊಳೆಗೆ ಹೋಗ್ತೀನಿ. ಬೆಳ್ಳೀನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ!"

"ಆಗ್ಲವ್ವಾ!"

ನೋಡ್ಕೊಂಡ. ಮೂಗಿಗೆ ಮೂಗು ತಾಗಿಸಿ, ಕಣ್ಣಲ್ಲಿ ಕಣ್ಣಿಟ್ಟು, ಬೆಳಗಿಂದ ಬೈಗಿನವರೆಗೂ ನೋಡ್ಕೊಂಡ. ಪಕ್ಕದ್ಮನೆ ಮೇಕೆ ಬಂದು ಬೆಳ್ಳಿ ಮುಂದಿನ ಹುಲ್ಲೆಲ್ಲಾ ತಿಂದು ತೇಗಿ ಹೋಯ್ತು.

"ಥೂ ಪೆದ್ದಾ! ಕಣ್ಣು ನೋಡ್ತಾ ಕೂತ್ರೆ ರೋಗ ಗೊತ್ತಾಗ್ತದಾ? ದನದ ಡಾಕ್ಟ್ರ ಕಿವಿ ಮೇಲೆ ಹಾಕ್ಬೇಕು ಕಣೋ!"

"ಏನು ಹಾಕ್ಲವ್ವಾ?"

"ಬೆಳ್ಳೀದೇ ಹಾಕು, ಇನ್ನೇನು!"

ಹಾಕಿದ. ಬೆಳ್ಳಿಯ ಗೆಜ್ಜೆಸರ ಬಿಚ್ಚಿಕೊಂಡು ಹೋಗಿ, ಏನೋ ಬರೀತಿದ್ದ ಡಾಕ್ಟ್ರ ಕಿವಿಗೆ ನೇತುಹಾಕಿ ಓಡಿಬಂದ. ಡಾಕ್ಟ್ರು ಝಲ್ ಝಲ್ ಅಂತ ಹೌಹಾರಿದರು!

"ಅಯ್ಯೋ ನನ್ನ ಕರ್ಮವೇ! ಬಾಯಿಬಿಟ್ಟು ಹೇಳ್ಬೇಕು ಕಣೋ, ಬಾಯಿಬಿಟ್ಟು!"

ಮಾರನೇ ದಿನ ಹೋದ. ಬಾಯಿಬಿಟ್ಟ. ಮುಚ್ಚಲೇ ಇಲ್ಲ! "ಆ... ಆ..."

ಡಾಕ್ಟ್ರು ಬ್ಯಾಟರಿ ಬಿಟ್ಟು ನೋಡಿದರು. "ಹಲ್ಲು ಚೆನ್ನಾಗಿದೆ ಕಣಯ್ಯಾ. ನಾನು ದನದ ಡಾಕ್ಟ್ರು!"

"ಆ..."

"ನಡೀ, ನಿಮ್ಮನೇಲಿ ಬಾಯಿ ಮುಚ್ಚಿ ಮಾತಾಡೋರು ಯಾರಾದ್ರೂ ಇದ್ದಾರಾ ನೋಡ್ತೀನಿ," ಅಂತ ಅವನ ಹಿಂದೇನೇ ಬಂದರು.

ಬಂದು, ಗಿರಿಯಮ್ಮನ ಬಾಯಿಂದ ಸಂಗತಿ ಕೇಳಿ, ಬೆಳ್ಳೀನ ಮೂತಿಯಿಂದ ಬಾಲದವರೆಗೆ ತಡವಿದರು. ಅಷ್ಟರಲ್ಲಿ ನಿಂಗಯ್ಯಾನೂ ಹಗ್ಗ ಹಿಡಿದು ಬಂದು ನಿಂತ.

"ರೋಗಾನೂ ಇಲ್ಲ, ರುಜಿನಾನೂ ಇಲ್ಲ ಕಣಮ್ಮಾ. ಹೇಸರಗತ್ತೆ ಹುಟ್ಟೋದೇ ಹೀಗೆ. ಮೈಯೊಳಗೆ ವಂಶದ ಎಳೆಗಳಿರ್ತವೆ. ತಾಯಿ ಕುದುರೆ ಕೊಟ್ಟದ್ದು ಮೂವತ್ತೆರಡು, ತಂದೆ ಕತ್ತೆ ಕೊಟ್ಟದ್ದು ಮೂವತ್ತೊಂದು. ಮರಿ ಆಗ್ಬೇಕಾದ್ರೆ ಇವು ಜೋಡಿ ಕೂಡ್ಬೇಕು. ಅದರದ್ದೇ ಒಂದು ಥರ, ಇದರದ್ದೇ ಒಂದು ಥರ, ಸಾಲದ್ದಕ್ಕೆ ಒಂದು ಒಂಟಿ. ಹೇಗೆ ಕೂಡ್ತವೆ? ಈ ನನ್ನ ಅಂಗಿ ನೋಡು. ಒಂದು ಗುಂಡಿ ಕಮ್ಮಿ ಆದ್ರೆ ಕಾಜಕ್ಕೆ ಜೋಡಿ ಎಲ್ಲಿ? ಹಾಗೆ! ಗಟ್ಟಿಮುಟ್ಟಾಗಿದೆ, ಇನ್ನೂ ಹತ್ತು ವರ್ಷ ದುಡೀತದೆ."

"ಹಂಗಾದ್ರೆ ಮಾರೋದು ಬ್ಯಾಡ ಬಿಡವ್ವಾ," ಅಂದ ನಿಂಗಯ್ಯ. ಗಿರಿಯಮ್ಮನಿಗೆ ತಲೆ ಮೇಲಿನ ಗಂಟು ಇಳಿಸಿದ ಹಾಗಾಯ್ತು. ಬೆಳ್ಳೀನ ತಬ್ಬಿಕೊಂಡು ಗಳಗಳ ಅತ್ತಳು, ಈ ಸಲ ಖುಷಿಗೆ. ಅಷ್ಟರಲ್ಲಿ ಬೆಳ್ಳಿ ಡಾಕ್ಟ್ರ ಅಂಗಿ ಮೇಲೆ ಫುರ್ ಅಂತ ಸೀನಿತು.

"ಬಿಚ್ಚಿಕೊಡಿ ಸ್ವಾಮಿ, ನಾಳೆ ಮಲ್ಲಿಗೆ ಹೂವಿನಂಗೆ ಒಗೆದು ಕೊಡ್ತೀನಿ!" ಅಂದವಳೇ ಮಗನ ಕಡೆ ತಿರುಗಿದಳು. "ನನ್ ಮಾತು ಕೇಳಿ ಕೆಟ್ಟೆ. ಇನ್ಮೇಲೆ ಡಾಕ್ಟ್ರು ಹೇಳಿದ್ದನ್ನ ಕೇಳೋ!"

"ಆಗ್ಲವ್ವಾ!"

ಎರಡು ದಿನ ಆಗಿತ್ತು, ಬೆಳಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು. "ಅವ್ವಾ! ಅವ್ವಾ! ಬೆಳ್ಳಿ ಹೆತ್ಲು!"

ಗಿರಿಯಮ್ಮ ಬಿದ್ದೂ ಎದ್ದೂ ಓಡಿದಳು. ಬೆಳ್ಳಿ ಬಾಲ ಬೀಸ್ತಾ ನಿಂತಿದೆ. ರಂಗ ಲದ್ದಿಯೊಳಗಿಂದ ಏನನ್ನೋ ಎತ್ತಿ, ತೊಳೆದು, ಅಂಗೈ ಮೇಲಿಟ್ಟುಕೊಂಡಿದ್ದಾನೆ.

"ಒಂದು ಗುಂಡಿ ಕಮ್ಮಿ ಅಂದ್ರಲ್ಲ, ಅವರ ಅಂಗೀದೇ ಕಿತ್ತು ಬೆಲ್ಲದಲ್ಲಿ ತಿನ್ನಿಸ್ದೆ. ಜೋಡಿ ಕೂಡ್ತು ನೋಡು! ಮಗ ಬೆಳ್ಳಗೈತೆ, ನಾಲ್ಕು ಕಣ್ಣು, ಥೇಟ್ ಡಾಕ್ಟ್ರ ಅಂಗಿ ರೂಪ!"

ಬೈಯೋಕೆ ಬಾಯಿ ತೆಗೆದ ಗಿರಿಯಮ್ಮನಿಗೆ ನಗು ಉಕ್ಕಿ ಬಂತು. ನಕ್ಕೂ ನಕ್ಕೂ ಬೆಳ್ಳಿಯ ಕುತ್ತಿಗೆಗೇ ಒರಗಿದಳು.

"ನಗ್ತಾ ನಿಂತ್ಯಲ್ಲವ್ವಾ," ಅಂದ ರಂಗ, "ತೊಟ್ಟಿಲು ಕಟ್ಟು ಮೊದ್ಲು!"