ನಿಂಬೆವ್ವನ ಮೇಣದ ಉಡ

ಎಷ್ಟು ಹಿಂದಿನ ಮಾತು ಎಂದು ನನ್ನನ್ನು ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳುವಾಗಲೇ ಇದು ಬಹಳ ಹಿಂದೆ ಯಾವುದೋ ಒಂದು ಊರಿನಲ್ಲಿ ನಡೆದದ್ದಾಗಿತ್ತಂತೆ. ಆ ಊರಿಗೆ ಕರಿಮಡ್ಡಿ ಎಂದು ಹೆಸರು. ಗುಡ್ಡದ ಈಚೆಗೆ ಊರು, ಆಚೆಗೆ ಕೆರೆ. ನೀರು ಬೇಕೆಂದರೆ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತಿ ಇಳಿಯಬೇಕು, ತುಂಬಿದ ಕೊಡ ಹೊತ್ತು ಮತ್ತೆ ಹತ್ತಿ ಇಳಿಯಬೇಕು. ಆ ಊರಿಗೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದರಂತೆ.

ಆಗ ಊರಿನ ಗೌಡ ತಮ್ಮನಗೌಡ ಗುಡ್ಡದ ಹೊಟ್ಟೆ ಸೀಳಿ ಕೊಳವೆ ಹಾಕಿಸಿದ. ಸುಟ್ಟ ಮಣ್ಣಿನ ಕೊಳವೆ. ಕೆರೆಯ ಕಡೆಯಿಂದ ಗುಡ್ಡದ ನಡುವಿನವರೆಗೆ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವಷ್ಟು ಅಗಲ, ಅಲ್ಲಿಂದ ಊರ ಅಗಸಿಬಾಗಿಲ ತೊಟ್ಟಿಯವರೆಗೆ ಸಣ್ಣದು. ಕೊಳವೆಗೆ ಕೊಳವೆ ಕೂಡುವ ಕಡೆಯಲ್ಲೆಲ್ಲ ಒಳಗೆ ಬಿಗಿಯಾಗಿ ಒಂದೊಂದು ಕಂಚಿನ ಬಳೆ. ಆ ಬಳೆಗಳನ್ನು ಎರಕ ಹೊಯ್ದವನು ಕಂಚುಗಾರ ಮೋನಪ್ಪ. ಮೇಣದಲ್ಲಿ ಅವುಗಳ ಅಚ್ಚು ತಿದ್ದಿದವಳು ಅವನ ಹೆಂಡತಿ ನಿಂಬೆವ್ವ. ಗಂಡನ ಕೈ ಬೆಂಕಿಯ ಕೈ, ಹೆಂಡತಿಯ ಕೈ ಮೇಣದ ಕೈ ಎಂದು ಊರು ಹೇಳುತ್ತಿತ್ತಂತೆ. ಇಬ್ಬರೂ ಮಾತಿಗಿಂತ ಜಗಳ ಹೆಚ್ಚು ಆಡುತ್ತಿದ್ದರಂತೆ, ಜಗಳಕ್ಕಿಂತ ನಗು ಹೆಚ್ಚು.

ನೀರು ಬಿಡುವ ದಿನ ಬಂತು. ಮುಹೂರ್ತ ಇದ್ದದ್ದು ಇಳಿಹೊತ್ತಿಗೆ. ಆದರೆ ಅಂದು ಬೆಳಗ್ಗೆ ಅಯ್ಯನವರು ಪಂಚಾಂಗ ತಿರುವಿ, ಇನ್ನೂ ಒಳ್ಳೆಯ ಗಳಿಗೆ ಈಗಲೇ ಇದೆ ಎಂದರು. ಗೌಡನಿಗೂ ಕಾಯುವ ತಾಳ್ಮೆ ಇರಲಿಲ್ಲ. ಹಲಗೆ ಬಾರಿಸಿದರು, ಸನಾದಿ ಊದಿದರು, ಕೆರೆಯ ತೂಬು ಎತ್ತಿದರು. ನೀರು ಗುಡ್ಡದ ಹೊಟ್ಟೆಯೊಳಗೆ ಹೊಕ್ಕು ಊರ ತೊಟ್ಟಿಗೆ ಬಂದು ಬಿತ್ತು. ಮುದುಕಿಯರು ಕೂಡ ಕುಣಿದರಂತೆ.

ಆ ಗದ್ದಲದಲ್ಲಿ ಮೋನಪ್ಪ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗೌಡ ಶಾಲು ಹೊದಿಸಲು ಕರೆಸಿದಾಗ ನೋಡುತ್ತಾರೆ, ಆಸಾಮಿ ಇಲ್ಲ. ಮನೆಯಲ್ಲಿಲ್ಲ, ಕುಲುಮೆಯಲ್ಲಿಲ್ಲ, ಕೆರೆಯ ಕಡೆಗೂ ಇಲ್ಲ. ಬಳೆಗಳಿಗೆಂದು ಊರು ಕೊಟ್ಟ ಕಂಚಿನಲ್ಲಿ ಉಳಿದ ಗಟ್ಟಿಯೊಂದು ಕುಲುಮೆಯ ಮೂಲೆಯಲ್ಲಿತ್ತು, ಅದೂ ಇಲ್ಲ. ಅವನೂ ಇಲ್ಲ, ಕಂಚೂ ಇಲ್ಲ. ಇನ್ನೇನು ಬೇಕು ಹೇಳಿ ಊರಿನ ಬಾಯಿಗೆ? ಕಂಚು ಕದ್ದು ಓಡಿಹೋದ ಎಂದಿತು. ನಿಂಬೆವ್ವ ಗರಬಡಿದವಳ ಹಾಗೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹಿಂದಿನ ರಾತ್ರಿ ಅವನು ಊಟ ಮಾಡಿ, ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದು, ನಕ್ಕು ಮಲಗಿದ್ದ. ಓಡಿಹೋಗುವವನು ಉಪ್ಪಿಗೆ ಜಗಳವಾಡುತ್ತಾನೆಯೇ ಎಂದು ಅವಳು ಕೇಳಿದಳು.

ಇನ್ನೊಂದು ಅಚ್ಚರಿ ಆಮೇಲೆ ನಡೆಯಿತು. ಗದ್ದಲ ನಿಂತು ಊರು ಸುಮ್ಮನಾದ ಮೇಲೆ ತೊಟ್ಟಿಯ ಬಳಿ ಒಂದು ಸದ್ದು ಕೇಳಿಸಿತು. ಣಂ. ಸ್ವಲ್ಪ ಬಿಟ್ಟು ಮತ್ತೆ, ಣಂ. ಕೊಳವೆಯೊಳಗಿಂದ, ಬಲು ದೂರದಿಂದ, ನೀರಿನ ಸದ್ದಿನ ಜೊತೆಗೇ ಬರುತ್ತಿತ್ತಂತೆ. ಜನ ಬೆಚ್ಚಿಬಿದ್ದರು. ಅಯ್ಯನವರು ಕಿವಿಗೊಟ್ಟು ಕೇಳಿ, ಹೆದರಬೇಡಿ, ಇದು ಗಂಗವ್ವನ ಗೆಜ್ಜೆ, ತಾಯಿ ನಡೆದು ಬರುತ್ತಿದ್ದಾಳೆ ಎಂದರು. ಅಷ್ಟೇ ಸಾಕಾಯಿತು. ತೊಟ್ಟಿಗೆ ಅರಿಸಿನ ಬಳಿದರು, ಕಾಯಿ ಒಡೆದರು, ಕುಪ್ಪಸದ ಕಣ ಇಟ್ಟರು. ನೆರೆಯೂರಿನವರೂ ಗಾಡಿ ಕಟ್ಟಿಕೊಂಡು ಬಂದು ಗೆಜ್ಜೆ ಕೇಳಿ ಕೈಮುಗಿದು ಹೋದರಂತೆ.

ನಿಂಬೆವ್ವನೂ ಹೋದಳು. ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಆರತಿ ಹಿಡಿದು ಹೋದಳು. ಕೊಳವೆಯ ಬಾಯಿಯ ಹತ್ತಿರ ಬಗ್ಗಿ ಬೇಡಿಕೊಂಡಳಂತೆ: “ಯವ್ವಾ, ನನ್ನ ಗಂಡ ಎಲ್ಲ್ಯರೆ ಜೀವಂತ ಇದ್ದರ ಒಂದೇ ಒಂದು ಸರತಿ ಗೆಜ್ಜಿ ಆಡಸು.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೇಳಿಸಿತು. ಣಂ.

ನಿಂಬೆವ್ವ ಅಳುತ್ತಾ ನಗುತ್ತಾ ಮನೆಗೆ ಬಂದಳು. ಬದುಕಿದ್ದಾನೆ, ತಾಯಿಯೇ ಹೇಳಿದ್ದಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿದಳು. ಕೆಲವು ದಿನ ಕಳೆದ ಮೇಲೆ ಗೆಜ್ಜೆಯ ಸದ್ದು ನಿಂತಿತು. ತಾಯಿ ಬಂದು ನೆಲೆಯಾದಳು ಎಂದರು ಅಯ್ಯನವರು.

ವರ್ಷಗಳು ಕಳೆದವು. ನಿಂಬೆವ್ವ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಕುಲುಮೆಯನ್ನು ತಾನೇ ನಡೆಸಿದಳು. ಗಂಟೆ, ದೀಪ, ಎತ್ತಿನ ಕೊಂಬಿನ ಗೊಣಸು, ಏನು ಬೇಕಾದರೂ ಎರಕ ಹೊಯ್ದಳು. ಊರಿನವರು ಅವಳ ಕೈಯ ಗಂಟೆಯನ್ನು ಗುಡಿಗೆ ಕಟ್ಟುತ್ತಿದ್ದರು, ಹಿಂದಿನಿಂದ ಕಳ್ಳನ ಹೆಂಡತಿ ಎನ್ನುತ್ತಿದ್ದರು. ಅವಳೇನು ಸುಮ್ಮನಿರುವ ಹೆಂಗಸಲ್ಲ. ಪ್ರತಿ ಬೆಳಗ್ಗೆ ತೊಟ್ಟಿಯಲ್ಲಿ ಕೊಡ ಮುಳುಗಿಸುವಾಗ ಗಂಡನನ್ನು ಬಾಯಿ ತುಂಬಾ ಬೈಯುತ್ತಿದ್ದಳಂತೆ. ಎಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹಾಕಿಸಿಕೊಳ್ಳುತ್ತಿದ್ದೀಯೋ ಮುಂಡೇಗಂಡ ಎಂದು. ಬೈದು, ಅದೇ ನೀರಿನಲ್ಲಿ ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದಳು.

ಹೀಗಿರುವಾಗ ಕೊಳವೆಯ ನೀರು ಕ್ಷೀಣಿಸಿತು. ಕೆರೆ ತುಂಬಿದೆ, ತೂಬು ತೆರೆದಿದೆ, ತೊಟ್ಟಿಗೆ ಬರುವುದು ಬೆರಳು ದಪ್ಪದ ಧಾರೆ. ಹೂಳು ತುಂಬಿ ಕೊಳವೆ ಇಕ್ಕಟ್ಟಾಗಿತ್ತು, ಒಳಗೆ ಮನುಷ್ಯ ತೂರುವ ಹಾಗಿರಲಿಲ್ಲ. ಕಳ್ಳ ಹೊಯ್ದ ಕಂಚು ಕಲಬೆರಕೆಯದು, ಬಳೆಗಳು ತಿಂದುಹೋಗಿವೆ ಎಂದು ಯಾರೋ ಅಂದರು. ಯಾರೋ ಅಂದದ್ದನ್ನು ಎಲ್ಲರೂ ಅಂದರು. ತಮ್ಮನಗೌಡ ಆಗ ಮುದುಕನಾಗಿದ್ದ. ಕಟ್ಟೆಯ ಮೇಲೆ ಜನ ಸೇರಿಸಿ ತೀರ್ಮಾನ ಹೇಳಿದ. ಕೊಳವೆ ಅಗೆದು ಒಡೆಯುವುದು, ಕಂಚುಗಾರರ ಕುಲುಮೆಯ ಬೆಂಕಿ ಆರಿಸಿ ನಿಂಬೆವ್ವನನ್ನು ಊರು ಬಿಡಿಸುವುದು.

ನಿಂಬೆವ್ವ ಎದ್ದು ನಿಂತಳು. “ಗೌಡ್ರ, ಆ ಕಂಚಿನ ಬಳಿ ನಾನ ಮೇಣದಾಗ ತಿದ್ದೇನ್ರಿ. ಅದರಾಗ ಖೋಟಾ ಇದ್ದರ ನಾನ ಬೆಂಕಿ ಆರಿಸಿ ಊರು ಬಿಟ್ಟು ಹೊಕ್ಕೀನಿ. ಒಡಿಯೂಕಿಂತ ಮೊದಲ ಒಳಗ ಏನೈತಿ ನೋಡೂನ್ರಿ.”

“ಗುಡ್ಡದ ಹೊಟ್ಟಿ ಹೊಕ್ಕು ನೋಡಾಕ ನೀ ಏನು ದೇವರೇನು ತಂಗಿ?” ಎಂದು ಗೌಡ ನಕ್ಕನಂತೆ.

ಅವಳು ದೇವರಲ್ಲ. ಆದರೆ ಮೇಣ ಗೊತ್ತಿದ್ದವಳು. ಮೇಣಕ್ಕೆ ಕಣ್ಣಿಲ್ಲ, ಆದರೂ ಮುಟ್ಟಿದ್ದನ್ನು ಮರೆಯುವುದಿಲ್ಲ. ಮೋನಪ್ಪ ಬದುಕಿನ ಸುಖದ ದಿನಗಳಲ್ಲಿ ಕೀಲು ತಿರುಗಿಸಿದರೆ ಕುಪ್ಪಳಿಸುವ ಗಿಳಿಯೊಂದನ್ನು ಅವಳಿಗೆ ಮಾಡಿಕೊಟ್ಟಿದ್ದ. ಅದನ್ನು ಬಿಚ್ಚಿ ಅದರ ಕರುಳು ನೋಡಿಕೊಂಡಳು. ಹಳೆಯ ಕತ್ತಿಯೊಂದನ್ನು ಕಾಯಿಸಿ ತಟ್ಟಿ ತೆಳ್ಳಗಿನ ಪಟ್ಟಿ ಮಾಡಿದಳು, ಅದನ್ನು ಸುರುಳಿ ಸುತ್ತಿ ಕಂಚಿನ ಹೊಟ್ಟೆಯೊಳಗೆ ಕೂರಿಸಿದಳು. ನಾಲ್ಕು ಕಾಲು, ಕಾಲಿಗೆ ಉಗುರು, ಉದ್ದನೆಯ ಬಾಲ. ಬಾಲಕ್ಕೆ ಗಂಟು ಗಂಟಾಗಿ ಕಟ್ಟಿದ ಹಗ್ಗ, ಎಷ್ಟು ದೂರ ಹೋಯಿತೆಂದು ತಿಳಿಯಲು. ಮೇಣಕ್ಕೆ ರಾಳ ಮತ್ತು ಎಳ್ಳೆಣ್ಣೆ ಕಲಸಿ ಮೆದುಮಾಡಿ, ಅದರ ಮೂತಿಗೆ, ಕೆನ್ನೆಗೆ, ಬೆನ್ನಿಗೆ, ಪಕ್ಕೆಗೆ ದಪ್ಪಗೆ ಮೆತ್ತಿದಳು. ನೋಡಲು ಥೇಟ್ ಉಡ.

ತೂಬು ಮುಚ್ಚಿ, ನೀರು ಬಸಿಯಲು ಬಿಟ್ಟು, ಕೆರೆಯ ಕಡೆಯ ಬಾಯಿಯಲ್ಲಿ ಅದನ್ನು ಇಟ್ಟು ಕೀಲು ತಿರುಗಿಸಿದಳು. ಉಡ ಕರ್ ಕರ್ ಎಂದು ತಾನೇ ನಡೆದು ಕತ್ತಲೆಯೊಳಗೆ ಹೋಯಿತು. ಜನ ಹೌಹಾರಿದರು. ನಾಯಿಗಳು ಬಾಲ ಮಡಚಿದವು. ಅದು ಹೋಗುವ ಮುಂಚೆ ತಿರುಗಿ ನಾಲಿಗೆ ಚಾಚಿತು ಎಂದೂ ಹೇಳುತ್ತಾರೆ, ಅಯ್ಯನವರ ಕಡೆ ನೋಡಿ ಸೀನಿತು ಎಂದೂ ಹೇಳುತ್ತಾರೆ. ನಾನಂತೂ ನೋಡಿಲ್ಲ, ನೋಡಿದವರು ಯಾರೂ ಉಳಿದಿಲ್ಲ, ನಿಮಗೆ ಬೇಕಾದ್ದನ್ನು ನಂಬಿ.

ಕೀಲಿನ ಸುತ್ತು ಬಿಚ್ಚಿ ಮುಗಿದಾಗ ಉಡ ನಿಲ್ಲುತ್ತಿತ್ತು. ಹಗ್ಗ ಎಳೆದು ತರುತ್ತಿದ್ದರು. ನಿಂಬೆವ್ವ ಮಡಿಲಲ್ಲಿ ಇಟ್ಟುಕೊಂಡು ಮೇಣವನ್ನು ಬೆರಳಿನಿಂದ ಓದುತ್ತಿದ್ದಳು. ಇದು ಹೂಳು. ಇದು ಏಡಿಯ ಗೂಡು. ಇದು ನನ್ನ ಬಳೆ, ನೋಡ್ರಿ, ಕೂದಲೆಳೆಯಷ್ಟೂ ಸವೆದಿಲ್ಲ. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕೀಲನ್ನು ಇನ್ನೂ ಬಿಗಿಯಾಗಿ ತಿರುಗಿಸಿ ಮತ್ತೆ ಮತ್ತೆ ಕಳಿಸಿದಳು, ಪ್ರತಿ ಸಲ ಹೊಸ ಮೇಣ ಮೆತ್ತಿ, ಇನ್ನಷ್ಟು ಒಳಕ್ಕೆ.

ಕೊನೆಯ ಸಲ ಉಡ ಗುಡ್ಡದ ನಟ್ಟನಡುವೆ, ಕೊಳವೆ ಬಂಡೆಯ ಮೇಲೇರಿ ಇಳಿಯುವ ಗೂನಿನವರೆಗೆ ಹೋಯಿತು. ಅಲ್ಲಿ ಸಿಕ್ಕಿಕೊಂಡಿತು. ಬಲವಾಗಿ ಎಳೆದ ಮೇಲೆ ಬಂತು. ಬೆನ್ನ ತುಂಬ ಬೇರಿನ ಗುರುತು. ಗೋಣಿಮರದ ಬೇರು ಬಳೆಯ ಸಂದಿನಿಂದ ಇಳಿದು ಕೊಳವೆ ತುಂಬಿತ್ತು. ನೀರು ಕಡಿಮೆಯಾದದ್ದು ಏಕೆಂದು ಗೊತ್ತಾಯಿತು, ಕಂಚಿನ ತಪ್ಪಲ್ಲ ಎಂದೂ ಗೊತ್ತಾಯಿತು. ಜನ ಹೋ ಎಂದರು. ಗೌಡನೂ ತಲೆದೂಗಿದ.

ನಿಂಬೆವ್ವ ಮಾತ್ರ ಬೆರಳು ತೆಗೆಯಲಿಲ್ಲ.

ಎಡ ಪಕ್ಕೆಯಲ್ಲಿ ಬಳೆಯ ಅಂಚು ಮೂಡಿತ್ತು. ಅವಳು ಕನ್ನಡಿಯ ಹಾಗೆ ನುಣುಪು ಮಾಡಿ ಕೊಟ್ಟಿದ್ದ ಬಳೆ. ಅದರ ತುಂಬ ಜಜ್ಜಿದ ಗುರುತು. ಒಂದರ ಪಕ್ಕ ಒಂದು, ಒಂದರ ಮೇಲೊಂದು, ಸುತ್ತಿಗೆಯ ಏಟು. ಹೊರಗಿನಿಂದ ಹೊಡೆದದ್ದಲ್ಲ, ಒಳಗಿನಿಂದ. ಅವಳ ಬೆರಳು ಮೂತಿಯ ಕಡೆಗೆ ಹೋಯಿತು. ಅಲ್ಲಿ ಒಂದು ಕಡಗದ ಅಚ್ಚು. ಕಡಗದ ಮೇಲೆ ಬಳ್ಳಿ, ಆ ಬಳ್ಳಿ ಎಡಕ್ಕೆ ಸುತ್ತಿದೆ. ಹೊಸದಾಗಿ ಮದುವೆಯಾದಾಗ ಅವಳು ಮೇಣದಲ್ಲಿ ಬಳ್ಳಿಯನ್ನು ತಿರುವುಮುರುವು ಬರೆದು, ಮೋನಪ್ಪ ಅದನ್ನೇ ಎರಕ ಹೊಯ್ದು, ಈ ತಪ್ಪು ಊರಿಗೆಲ್ಲ ಕಾಣಲಿ ಎಂದು ನಗುತ್ತಾ ಕೈಗೆ ತೊಟ್ಟಿದ್ದ ಕಡಗ. ಕಡಗದ ಒಳಗೆ ಸಣ್ಣ ಕೋಲಿನಂಥ ಎರಡು ಗುರುತು, ಜೋಡಿಯಾಗಿ. ಅದು ಮುಂಗೈ ಎಲುಬು.

ಅವಳು ಕೂಗಲಿಲ್ಲ, ಬಿದ್ದು ಹೊರಳಲಿಲ್ಲ. ತನ್ನ ಬಳೆಗೈಯಿಂದ ಒಂದು ಕಲ್ಲನ್ನು ಎತ್ತಿಕೊಂಡು, ಉಡದ ಕಂಚಿನ ಹೊಟ್ಟೆಗೆ ಮೆಲ್ಲಗೆ ಬಡಿದಳಂತೆ. ಣಂ. ಸ್ವಲ್ಪ ಬಿಟ್ಟು ಮತ್ತೆ ಬಡಿದಳು. ಣಂ.

ಊರಿಗೆ ಊರೇ ಆ ಸದ್ದನ್ನು ಬಲ್ಲದು. ಕಾಯಿ ಒಡೆದವರು ಅಲ್ಲೇ ಇದ್ದರು, ಅರಿಸಿನ ಬಳಿದವರು ಅಲ್ಲೇ ಇದ್ದರು. ಒಬ್ಬ ಮುದುಕಿ ಹೊಟ್ಟೆ ಹಿಡಿದುಕೊಂಡು ಕಾರಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಆ ನೀರಿನಲ್ಲೇ ಅಲ್ಲವೇ ಮಕ್ಕಳನ್ನು ಮೀಯಿಸಿದ್ದು, ಆ ನೀರಿನಲ್ಲೇ ಅಲ್ಲವೇ ಮದುವೆಯ ಅಡಿಗೆ ಮಾಡಿದ್ದು. ಅಯ್ಯನವರು ಎಲ್ಲಿ ನಿಂತಿದ್ದರೋ ಅಲ್ಲೇ ಕುಸಿದರು. ತಮ್ಮನಗೌಡ ಮಾತ್ರ ತಡಬಡಿಸುತ್ತಾ ಕೇಳಿದನಂತೆ, “ಆವಾಗ ತೂಬು ಮುಚ್ಚಿದ್ದರ?”

“ಮುಚ್ಚಿದ್ದರ ತೆವಳಿಕೋತ ಮನಿಗೆ ಬರ್ತಿದ್ದ,” ಎಂದಳು ನಿಂಬೆವ್ವ.

ಹಗ್ಗದ ಗಂಟು ಎಣಿಸಿ ಗುಡ್ಡದ ಮೇಲಿನಿಂದ ಅಗೆದು ಬೇರು ಕಡಿದರು. ಗೂನಿನ ನೆತ್ತಿಯೊಳಗೆ, ನೀರು ಏರದೆ ಗಾಳಿ ಉಳಿಯುವಷ್ಟು ಜಾಗದಲ್ಲಿ, ಮೋನಪ್ಪನ ಎಲುಬು ಸಿಕ್ಕಿದವು. ಪಕ್ಕದಲ್ಲಿ ಸುತ್ತಿಗೆ, ಅವನು ಕದ್ದನೆಂದ ಕಂಚಿನ ಗಟ್ಟಿ. ಅದನ್ನು ಸಣ್ಣ ಸಣ್ಣ ಚೂರು ಕೆತ್ತಿ, ಬಾಯಿಬಿಟ್ಟಿದ್ದ ಸಂದಿಗೆ ಬಡಿಯುತ್ತಿದ್ದ. ಇಳಿಹೊತ್ತಿನ ಮುಹೂರ್ತಕ್ಕೆ ಮುಂಚೆ ಮುಗಿಸಿ ಬಂದುಬಿಡುತ್ತೇನೆ, ಸಂದಿ ಬಾಯಿಬಿಟ್ಟ ಸುದ್ದಿ ಗೌಡನ ಕಿವಿಗೆ ಬೀಳುವುದು ಬೇಡ ಎಂದುಕೊಂಡು ನಸುಕಿನಲ್ಲೇ ಒಳಗೆ ಹೋಗಿದ್ದಿರಬೇಕು. ಮುಹೂರ್ತ ಬೆಳಗ್ಗೆಗೇ ಬಂದದ್ದು ಅವನಿಗೇನು ಗೊತ್ತು? ಹಿಂದೆ ತುಂಬಿದ ನೀರು, ಮುಂದೆ ಮನುಷ್ಯ ತೂರದ ಸಣ್ಣ ಕೊಳವೆ.

ಊರು ನಿಂಬೆವ್ವನ ಕಾಲಿಗೆ ಬಿತ್ತು. ಅವಳು ಯಾರನ್ನೂ ಬೈಯಲಿಲ್ಲ, ಅದರಿಂದಲೇ ಜನರಿಗೆ ಹೆಚ್ಚು ಹೆದರಿಕೆಯಾಯಿತಂತೆ. ತೊಟ್ಟಿಯ ಹತ್ತಿರ ಕೂತು ಒಂದೇ ಮಾತನ್ನು ಹೇಳುತ್ತಿದ್ದಳು. ನಾನು ಕೇಳಿದೆ, ಅವನು ಹೂಂ ಅಂದ. ಜೀವಂತ ಇದ್ದೀಯಾ ಅಂದೆ, ಇದ್ದೀನಿ ಅಂದ. ನಾನು ಆರತಿ ಬೆಳಗಿ ಮನೆಗೆ ಹೋದೆ. ಅದನ್ನು ಕೇಳಿ ಗಟ್ಟಿ ಗಂಡಸರೂ ಮುಖ ಮುಚ್ಚಿಕೊಂಡು ಅತ್ತರು. ತಮ್ಮನಗೌಡ ಆ ತೊಟ್ಟಿಯ ನೀರನ್ನು ಮತ್ತೆ ಬಾಯಿಗೆ ಇಡಲಿಲ್ಲ, ಸಾಯುವವರೆಗೂ ಕೊಡ ಹೊತ್ತು ಗುಡ್ಡ ಹತ್ತಿ ಇಳಿದ ಅಂತಾರೆ.

ಆಮೇಲೆ ನಿಂಬೆವ್ವ ಉಡದ ಪಕ್ಕೆಯ ಮೇಣವನ್ನು ಹಾಗೆಯೇ ಬಿಡಿಸಿ, ಮಣ್ಣು ಮೆತ್ತಿ, ಕುಲುಮೆಗೆ ಇಟ್ಟಳು. ಮೇಣ ಕರಗಿ ಹರಿದುಹೋಯಿತು. ಆ ಜಾಗಕ್ಕೆ ಮೋನಪ್ಪನ ಕಂಚಿನ ಗಟ್ಟಿಯನ್ನೇ ಕರಗಿಸಿ ಹೊಯ್ದಳು. ಮಣ್ಣು ಒಡೆದಾಗ ಕಂಚಿನಲ್ಲಿ ಬಂತು, ಅವನು ಹೊಡೆದ ಒಂದೊಂದು ಏಟೂ. ಅದನ್ನು ಕೆರೆಯ ತೂಬಿನ ಕಲ್ಲಿಗೆ ಕೂರಿಸಿದಳು. ಆ ದಿನವೇ ಕೈಬಳೆ ತೆಗೆದಳು.

ಆ ಕಂಚು ಈಗಲೂ ಅಲ್ಲಿದೆಯಂತೆ, ಮುಟ್ಟಿ ಮುಟ್ಟಿ ಏಟಿನ ಗುರುತೆಲ್ಲ ಬೆರಳಿನ ಗುರುತಾಗಿದೆಯಂತೆ. ಕರಿಮಡ್ಡಿಯಲ್ಲಿ ವರ್ಷಕ್ಕೊಮ್ಮೆ ಕೊಳವೆ ಬಸಿದು ಮೊದಲು ಉಡವನ್ನು ಬಿಡುತ್ತಾರೆ. ನೀರು ಬಿಡುವ ದಿನ ಅಲ್ಲಿ ಹಲಗೆ ಇಲ್ಲ, ಸನಾದಿ ಇಲ್ಲ, ಮುಹೂರ್ತವೂ ಇಲ್ಲ. ಹಸುಗೂಸುಗಳನ್ನು ಎದೆಗೆ ಕಚ್ಚಿಸಿಕೊಂಡು, ಎತ್ತಿನ ಕೊರಳ ಗಂಟೆ ಬಿಚ್ಚಿಟ್ಟು, ಊರೆಲ್ಲ ಸುಮ್ಮನೆ ನಿಲ್ಲುತ್ತದೆ. ಒಬ್ಬ ಹೆಣ್ಣುಮಗಳು ಕೊಳವೆಯ ಬಾಯಿಗೆ ಬಗ್ಗಿ ಕೂಗುತ್ತಾಳೆ.

“ಒಳಗ ಯಾರರೆ ಅದೀರೇನು?”

ಒಳಗೆ ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ದಣಿದ ಮನುಷ್ಯನೊಬ್ಬ ಸುತ್ತಿಗೆ ಎತ್ತಿ ಒಂದು ಏಟು ಹಾಕುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ತೂಬು ಎತ್ತುತ್ತಾರೆ.